ಅವರ ಪರ್ಸಿನಲ್ಲಿದ್ದ ನನ್ನ ಕಾರ್ಡು

‘ನಿಂದೇನೇನ್ ಮಾತ್ರೆ ಇದೆ, ಬೇಗ ಹೇಳೇ’ ಅಂತ ಊಟದ ಟೇಬಲ್ ಮುಂದೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದ ನಮ್ಮನೆಯವರು ಕೂಗಿದ್ರು. ನಾನು ಅಡುಗೆಮನೇಲಿ ಉಪ್ಪಿಟ್ಟಿಗೆ ರವೆ ಹುರೀತಾ ಇದ್ದೆ. ‘ಏನೂ ಇಲ್ಲ’ ಅಂದೆ.

‘ಏನೂ ಇಲ್ವಾ? ವಿಟಮಿನ್ನು?’

‘ಬೇಕಿದ್ರೆ ಅದೊಂದು ಹಾಕ್ಕೊಳಿ.’

‘ಪುಣ್ಯವಂತೆ ಕಣೇ ನೀನು. ನಂದು ನೋಡು, ಬೀಪಿ, ಶುಗರ್ರು, ಕೊಲೆಸ್ಟ್ರಾಲು, ಒಂದು ಮೆಡಿಕಲ್ ಶಾಪೇ ಇದೆ’ ಅಂತ ನಕ್ಕೊಂಡು ಟಪಟಪ ಅಂತ ಟೈಪ್ ಮಾಡಿದ್ರು.

ನಾನು ಹೇಳಿದ್ದು ಶುದ್ಧ ಸುಳ್ಳು. ದಿನಕ್ಕೆ ಮೂರು ಸಲ ಮಾತ್ರೆ ನುಂಗ್ತೀನಿ. ಅದನ್ನ ರಾಗಿ ಹಿಟ್ಟಿನ ಡಬ್ಬದೊಳಗೆ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಟಿದೀನಿ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ದಿನ ಆ ಡಬ್ಬದ ಮುಚ್ಚಳ ತೆಗೆದಿಲ್ಲ. ಮುದ್ದೆ ಮಾತ್ರ ದಿನಾ ಬೇಕು.

ನಂಗೆ ಪಾರ್ಕಿನ್ಸನ್ಸ್ ಅಂತೆ. ಫೆಬ್ರವರೀಲಿ ಅಕ್ಕನ ಮಗನ ಗೃಹಪ್ರವೇಶಕ್ಕೆ ಅಮೆರಿಕದಿಂದ ನಾನೊಬ್ಳೇ ಬೆಂಗಳೂರಿಗೆ ಹೋಗಿದ್ನಲ್ಲ, ಆಗ ಗೊತ್ತಾಗಿದ್ದು. ಎಡಗೈ ಹೆಬ್ಬೆರಳು ಸುಮ್ಮಸುಮ್ಮನೆ ಕುಣೀತಿರೋದನ್ನ ನಮ್ಮಕ್ಕ ಕೆಂಪಮ್ಮ ನೋಡಿದ್ಲು. ಮಾರನೇ ದಿನವೇ ಆಟೋದಲ್ಲಿ ಕೂರಿಸ್ಕೊಂಡು ನರದ ಡಾಕ್ಟರ ಹತ್ರ ಕರ್ಕೊಂಡು ಹೋದ್ಲು. ಡಾಕ್ಟರು ನನ್ನ ನಡೆಸಿ ನೋಡಿದ್ರು, ಬೆರಳು ಆಡಿಸಿ ನೋಡಿದ್ರು, ಒಂದು ಹಾಳೆ ಕೊಟ್ಟು ಹೆಸರು ಬರೆಯಿಸಿದ್ರು. ‘ಗಾಬರಿ ಬೇಡಮ್ಮ, ಶುರುವಿನಲ್ಲೇ ಗೊತ್ತಾಗಿದೆ. ಅಮೆರಿಕದಲ್ಲಿ ಇದಕ್ಕೇ ಅಂತ ಮೀಸಲಾದ ಡಾಕ್ಟರಿರ್ತಾರೆ, ಅವರ ಹತ್ರ ತೋರಿಸ್ಕೊಳಿ’ ಅಂದ್ರು. ನಾನು ತೋರಿಸ್ಕೊಳ್ಳಲಿಲ್ಲ. ಅಕ್ಕ ಯಾರಾದ್ರೂ ಈ ಕಡೆ ಬರೋರ ಸೂಟ್‌ಕೇಸಲ್ಲಿ ಮೂರು ತಿಂಗಳಿಗೊಂದು ಸಲ ಮಾತ್ರೆ ಕಳಿಸ್ತಾಳೆ. ನಮ್ಮ ಜನಕ್ಕೆ ಇದೇನು ಹೊಸದಲ್ಲ. ಹಲ್ಲು, ಕಣ್ಣು, ಥೈರಾಯಿಡು ಎಲ್ಲಾ ಊರಿಗೆ ಹೋದಾಗ ತೋರಿಸ್ಕೊಂಡು, ಒಂದು ಚೀಲ ಮಾತ್ರೆ ಕಟ್ಕೊಂಡು ಬರೋದೇ.

ಗಂಡನಿಗೆ ಯಾಕೆ ಹೇಳಲಿಲ್ಲ ಅಂತ ಕೇಳ್ತೀರಿ. ಹೇಳ್ತೀನಿ ಕೇಳಿ. ನಮ್ಮನೆಯವರಿಗೆ ಅರವತ್ತೇಳು. ಪಕ್ಕದೂರು ಮಿಲ್ಪಿಟಾಸ್‌ನಲ್ಲಿ ಕಂಪ್ಯೂಟರ್ ಚಿಪ್ ಟೆಸ್ಟ್ ಮಾಡೋ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ಆಫೀಸಿನ ಫೋನ್ ಕಾಲ್‌ನಲ್ಲಿ ಕೂತ್ರೆ ಸಂಜೆ ಬರೋ ಹೊತ್ತಿಗೆ ಬೆನ್ನು ನೆಟ್ಟಗಾಗಲ್ಲ. ಆರು ಸಲ ಲೇಆಫ್ ನೋಡಿದಾರೆ, ಪ್ರತಿ ಸಲ ಒಂದು ವಾರ ನಿದ್ದೆ ಇಲ್ಲ. ಅರವತ್ತೈದಕ್ಕೆ ಬಿಡ್ತೀನಿ ಅಂದಿದ್ರು. ಆ ವರ್ಷ ನನ್ನ ಮಂಡಿ ಆಪರೇಷನ್ ಬಂತು. ‘ಕಂಪನಿ ಇನ್ಶೂರೆನ್ಸ್ ಚೆನ್ನಾಗಿದೆ, ನಿಂಗೋಸ್ಕರ ಇನ್ನೆರಡು ವರ್ಷ ಎಳೀತೀನಿ’ ಅಂತ ಎಳೆದ್ರು. ಬೈಕೊಂಡು ಎಳೆದಿದ್ರೆ ನಂಗೇನೂ ಅನ್ನಿಸ್ತಿರಲಿಲ್ಲ. ಒಂದು ಮಾತಾಡದೆ ಎಳೆದ್ರು, ಅದೇ ನನ್ನ ತಿಂದುಬಿಡ್ತು.

ಈಗ ಅಕ್ಟೋಬರ್ ಮೂವತ್ತೊಂದು ಕೊನೇ ದಿನ ಅಂತ ಕಾಗದ ಕೊಟ್ಟಾಗಿದೆ. ನವೆಂಬರ್ ಒಂದರಿಂದ ಅಲಾರಾಂ ಇಡಲ್ಲ ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತಿದಾರೆ. ನನ್ನ ಕಾಯಿಲೆ ಗೊತ್ತಾದ್ರೆ ಈ ಮನುಷ್ಯ ಮತ್ತೆ ಕೆಲಸಕ್ಕೇ ಹೋಗ್ತಾರೆ. ನಂಗೆ ಅದು ಸೂರ್ಯ ಹುಟ್ಟಿದಷ್ಟು ಖಾತ್ರಿ. ಇಲ್ಲಿನ ಡಾಕ್ಟರ ಹತ್ರ ಕದ್ದು ಹೋಗೋಣ ಅಂದ್ರೆ ಕಂಪನಿ ಇನ್ಶೂರೆನ್ಸಿನ ಕಾಗದವೆಲ್ಲಾ ಬರೋದು ಅವರ ಹೆಸರಿಗೆ. ಅದಕ್ಕೇ ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನವೆಂಬರ್ ಒಂದು ದಾಟಲಿ, ಆಮೇಲೆ ಹೇಳಿದ್ರಾಯ್ತು ಅಂತ.

ಆದ್ರೆ ಮಧ್ಯದಲ್ಲಿ ಈ ಮೆಡಿಕೇರ್ ಬಂದು ಕೂತ್ಕೊಳ್ತು.

ನವೆಂಬರ್ ಒಂದರಿಂದ ಕಂಪನಿ ಇನ್ಶೂರೆನ್ಸ್ ಇರಲ್ಲ, ಅರವತ್ತೈದು ದಾಟಿದೋರಿಗೆ ಸರ್ಕಾರ ಕೊಡೋ ಇನ್ಶೂರೆನ್ಸ್, ಮೆಡಿಕೇರ್, ಶುರು. ಇವರೇ ಆಗಸ್ಟ್‌ನಲ್ಲಿ ಇಬ್ಬರದ್ದೂ ಅರ್ಜಿ ಹಾಕಿದ್ರು, ಎರಡು ಕಾರ್ಡು ಪೋಸ್ಟಲ್ಲಿ ಬಂತು. ಎರಡನ್ನೂ ತಮ್ಮ ಪರ್ಸಿಗೇ ಸೇರಿಸ್ಕೊಂಡ್ರು. ನನ್ನ ಕಾರ್ಡು ನಾನು ಕವರ್ ಮೇಲಿಂದ ನೋಡಿದ್ದೇ ಬಂತು. ಸರ್ಕಾರದ್ದು ಎಲ್ಲಾ ಖರ್ಚು ಕೊಡಲ್ಲವಂತೆ, ಅದರ ಜೊತೆಗೆ ನಾವೇ ಏನಾದ್ರೂ ಆರಿಸ್ಕೋಬೇಕಂತೆ. ಒಂದು ದಾರಿ, ಅಡ್ವಾಂಟೇಜ್ ಅಂತ. ಅದರಲ್ಲಿ ಜಿಮ್ಮು, ಕನ್ನಡಕ, ಹಲ್ಲು ಎಲ್ಲಾ ಸೇರುತ್ತೆ, ಆದ್ರೆ ಅವರ ಪಟ್ಟೀಲಿರೋ ಡಾಕ್ಟರ ಹತ್ರಾನೇ ಹೋಗ್ಬೇಕು, ದೊಡ್ಡ ಡಾಕ್ಟರ ಹತ್ರ ಹೋಗೋಕೆ ಮೊದಲು ಒಪ್ಪಿಗೆ ತಗೋಬೇಕು. ಇನ್ನೊಂದು ದಾರಿ, ಸಪ್ಲಿಮೆಂಟ್. ಅದಕ್ಕೆ ತಿಂಗಳಾ ತಿಂಗಳಾ ಕಟ್ಟಬೇಕು, ಆದ್ರೆ ಮೆಡಿಕೇರ್ ತಗೊಳೋ ಯಾವ ಡಾಕ್ಟರ ಹತ್ರ ಬೇಕಾದ್ರೂ ಹೋಗ್ಬಹುದು.

ನಾವಿರೋ ಎವರ್‌ಗ್ರೀನ್‌ನಲ್ಲಿ ನಮ್ಮನೆಯವರಿಗೊಂದು ವಾಕಿಂಗ್ ಗ್ರೂಪಿದೆ. ಎಲ್ಲಾ ಮಂಡ್ಯ, ಹಾಸನದ ಕಡೆಯೋರು. ಆ ಗ್ರೂಪಲ್ಲಿ ಒಬ್ಬರು ರೈಸ್ ಕುಕ್ಕರ್ ತಗೊಂಡ್ರೆ ಎಲ್ಲರೂ ಅದೇ ಕುಕ್ಕರ್, ಒಬ್ಬರು ಒಂದು ಬಣ್ಣದ ಕಾರ್ ತಗೊಂಡ್ರೆ ಬೀದಿ ತುಂಬಾ ಅದೇ ಬಣ್ಣ. ಈಗ ಎಲ್ಲರೂ ಒಂದೇ ಅಡ್ವಾಂಟೇಜ್ ಪ್ಲಾನು ತಗೊಂಡಿದಾರೆ. ನಮ್ಮನೆಯವರು, ಪುಟ್ಟಸ್ವಾಮಿ ಗೌಡ್ರು, ಹಿಂದೆ ಬೀಳೋಕಾಗುತ್ತಾ? ‘ನಾವೂ ಅದೇ, ಫ್ಯಾಮಿಲಿ ಪ್ಲಾನು ಹಾಕಿಸಿಬಿಡ್ತೀನಿ. ಬುಧವಾರ ಏಜೆಂಟ್ ಮನೆಗೇ ಬರ್ತಾನೆ’ ಅಂತ ಉಪ್ಪಿಟ್ಟು ತಿಂತಾ ತೀರ್ಪು ಕೊಟ್ರು. ಅದಕ್ಕೇ ಅಂತ ಅವರು ಬರ್ಕೊಂಡಿದ್ದ ನನ್ನ ಮಾತ್ರೆಯ ಪಟ್ಟೀಲಿ ಬರೀ ವಿಟಮಿನ್ನು.

ಆವತ್ತು ಮಧ್ಯಾಹ್ನ ಅವರು ಹೊರಗೆ ಹೋದಾಗ ಆ ಪ್ಲಾನಿನ ಪುಸ್ತಕ ತೆಗೆದು ಡಾಕ್ಟರ ಪಟ್ಟಿ ಹುಡುಕಿದೆ. ನನ್ನ ಕಾಯಿಲೆಗೆ ಮೀಸಲಾದ ಡಾಕ್ಟರು ಅಂತ ನಾನು ಕದ್ದುಮುಚ್ಚಿ ಗುರುತು ಹಾಕ್ಕೊಂಡಿದ್ದ ಮೂವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಪುಸ್ತಕ ಮುಚ್ಚಿ ಎದ್ದು ನಿಂತೆ, ಮತ್ತೆ ಕೂತೆ, ಮತ್ತೆ ಎದ್ದೆ. ಒಗೆದ ಬಟ್ಟೇನೇ ಇನ್ನೊಂದು ಸಲ ಮಷೀನಿಗೆ ಹಾಕಿದೆ. ಎಮರಿವಿಲ್‌ನಲ್ಲಿ ಕಾರ್ಟೂನ್ ಸಿನಿಮಾ ಕೆಲಸ ಮಾಡೋ ಮಗಳು ಗಾನವಿಗೆ ಫೋನ್ ಮಾಡಿ, ‘ಊಟ ಆಯ್ತಾ’ ಅಂತ ಕೇಳಿ ಇಟ್ಟೆ. ಐದು ನಿಮಿಷಕ್ಕೆ ಮತ್ತೆ ಮಾಡಿದೆ. ‘ಅಮ್ಮಾ, ಯು ಆಸ್ಕ್ಡ್ ಮಿ ದ್ಯಾಟ್ ಆಲ್ರೆಡಿ’ ಅಂದ್ಲು. ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಅವಳು ಮರುಕ್ಷಣ ಅಪ್ಪನಿಗೆ ಫೋನ್ ಮಾಡ್ತಾಳೆ ಅಂತ ನುಂಗ್ಕೊಂಡೆ.

ಭಾನುವಾರ, ಸೋಮವಾರ ಹೀಗೇ ಕಳೀತು. ಒಂದು ಕಡೆ ಕೂರೋಕಾಗ್ತಿರಲಿಲ್ಲ. ಮನೆ ಹಿಂದಿನ ಗುಡ್ಡ ಹತ್ತಿ ಇಳಿದೆ, ಇನ್ನೊಂದು ಸಲ ಹತ್ತಿದೆ. ನನ್ನ ಮೇಲೆ ನಂಗೇ ಸಿಟ್ಟು. ಎಂಟು ತಿಂಗಳು ಗಂಡನ ಒಳ್ಳೇದಕ್ಕೆ ಅಂತ ಮುಚ್ಚಿಟ್ಟಿದ್ದು ಈಗ ನನ್ನ ಕತ್ತಿಗೇ ಬಂತಲ್ಲ! ಹೇಳಿದ್ರೆ ಅವರ ನವೆಂಬರ್ ಒಂದು ಹೋಯ್ತು. ಹೇಳದಿದ್ರೆ ನಂಗೆ ಬೇಕಾದ ಡಾಕ್ಟರು ಹೋದ್ರು. ಯಾವುದಾದ್ರೂ ಒಂದನ್ನ ಬಿಡಲೇಬೇಕಿತ್ತು.

ಮಂಗಳವಾರ ಬೆಳಿಗ್ಗೆ ಮನೇಲಿರೋಕಾಗದೆ ಲೈಬ್ರರಿಗೆ ಹೋದೆ, ಅಲ್ಲಿ ಗೋಡೆ ಮೇಲೆ ಒಂದು ಕಾಗದ ಅಂಟಿಸಿದ್ರು. ಮೆಡಿಕೇರ್ ಬಗ್ಗೆ ಹಿರಿಯರಿಗೆ ಪುಕ್ಕಟೆ ಸಲಹೆ, ಹತ್ತರಿಂದ ಹನ್ನೆರಡು. ಒಳಗೆ ಒಂದು ಸಣ್ಣ ರೂಮಲ್ಲಿ ಬಿಳೀ ಕೂದಲಿನ ಹೆಂಗಸು ಕೂತಿದ್ರು. ನಾನು ಬರೆದುಕೊಟ್ಟ ಚೀಟೀಲಿ ಹೆಸರು ಓದಿ ಮುಖ ಎತ್ತಿದ್ರು. ‘ಸಣ್ಣತಾಯಮ್ಮ! ಬರ್ರಿ, ಕೂಡ್ರಿ. ಕನ್ನಡದಾಗ ಮಾತಾಡೋಣಲ್ರಿ?’ ಅಂದ್ರು. ಹೆಸರು ನೀಲಾಬಾಯಿ, ಹುಬ್ಬಳ್ಳಿಯೋರು. ಮೂವತ್ತು ವರ್ಷ ನರ್ಸಾಗಿದ್ದು, ಈಗ ವಾರಕ್ಕೊಂದು ದಿನ ಇಲ್ಲಿ ಸುಮ್ಮನೆ ಬಂದು ಜನಕ್ಕೆ ದಾರಿ ಹೇಳ್ತಾರಂತೆ. ನಾನು ಕೆಲಸಕ್ಕಿದ್ದ ಪುಟ್ಟ ಮಕ್ಕಳ ಡೇಕೇರಲ್ಲಿ ಹನ್ನೊಂದು ವರ್ಷ ‘ಸನ್ನಾ, ಸನ್ನಾ’ ಅಂತ ಕರೆಸ್ಕೊಂಡು, ಪೂರ್ತಿ ಹೆಸರು ಯಾರ ಬಾಯಲ್ಲೋ ಕೇಳಿದ್ದಕ್ಕೇ ನಂಗೆ ಅರ್ಧ ಧೈರ್ಯ ಬಂತು.

‘ಗುಳಿಗಿ ಏನೇನು ತಗೋತೀರಿ?’ ಅಂತ ಕೇಳಿದ್ರು.

ನಾನು ಸ್ವೆಟರ್ ಜೇಬಲ್ಲಿ ತುರುಕಿದ್ದ ಎಡಗೈ ಆಚೆ ತೆಗೆದು ಮೇಜಿನ ಮೇಲಿಟ್ಟೆ. ಅದು ತನ್ನ ಪಾಡಿಗೆ ತಾನು ಕುಣೀತು. ಮಾತ್ರೆ ಹೆಸರು ಹೇಳಿದೆ. ಅಕ್ಕನ್ನ ಬಿಟ್ರೆ ಭೂಮಿ ಮೇಲೆ ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅವರು ಅಯ್ಯೋ ಪಾಪ ಅನ್ನಲಿಲ್ಲ. ಬರ್ಕೊಂಡ್ರು ಅಷ್ಟೇ. ಅದಕ್ಕೆ ಅವರಿಗೆ ಕೈ ಮುಗೀಬೇಕು ಅನ್ನಿಸ್ತು.

‘ನಮ್ಮನೆಯವರು ಇಬ್ಬರಿಗೂ ಫ್ಯಾಮಿಲಿ ಪ್ಲಾನು ಹಾಕಿಸ್ತಿದಾರೆ’ ಅಂದೆ.

‘ಯಾವ ಫ್ಯಾಮಿಲಿ ಪ್ಲಾನ್ ರೀ? ಮೆಡಿಕೇರ್‌ದಾಗ ಅಂಥಾದ್ದು ಇಲ್ಲ. ಗಂಡಂದು ಗಂಡಗ, ಹೆಂಡತೀದು ಹೆಂಡತಿಗೆ. ಸಹೀನೂ ನಿಮ್ದೇ ಬೇಕು. ಅವರು ಒಂದು ತಗೊಂಡ್ರ ನೀವು ಇನ್ನೊಂದು ತಗೋಬಹುದು. ನಮ್ಮ ಮಂದಿ ಎಲ್ಲಾರೂ ಇದನ್ನ ತಪ್ಪು ತಿಳ್ಕೊಂಡಿರ್ತಾರ. ಇಷ್ಟು ವರ್ಷ ಕಂಪನೀದು ಇತ್ತಲ್ಲ, ಗಂಡನ ಕೊರಳಿಗೆ ಹೆಂಡತಿ ಜೋತು ಬಿದ್ದಿರ್ತಾಳ, ಹಂಗ ಇದೂ ಅಂತ.’

‘ಸಪ್ಲಿಮೆಂಟ್ ತಗೊಂಡ್ರೆ ಕಾಯಿಲೆ ಇದೆ ಅಂತ ಬೇಡ ಅನ್ನಲ್ವಾ?’ ಅಂದೆ.

‘ಈಗ ಅನ್ನಂಗಿಲ್ಲ. ಮೆಡಿಕೇರ್‌ದಾಗ ಡಾಕ್ಟರ್ ಖರ್ಚಿನ ಭಾಗ, ಪಾರ್ಟ್ ಬಿ, ಶುರು ಆದ ಮ್ಯಾಲೆ ಆರು ತಿಂಗಳು ಬಾಗಲಾ ತೆರದಿರ್ತದ. ಅಷ್ಟರಾಗ ಹೋದ್ರ ನಿಮ್ಮ ಜಡ್ಡು ಏನು ಅಂತ ಕೇಳೂ ಹಂಗೇ ಇಲ್ಲ. ಸುಳ್ಳು ಹೇಳೂದೂ ಬ್ಯಾಡ, ಖರೇ ಹೇಳೂದೂ ಬ್ಯಾಡ. ಆದ್ರ ಈಗ ಅಡ್ವಾಂಟೇಜಿಗೆ ಹೋಗಿ, ಎರಡು ವರ್ಷ ಬಿಟ್ಟು ಸಪ್ಲಿಮೆಂಟ್ ಬೇಕು ಅಂತ ಬಂದ್ರ ಎಲ್ಲಾ ಕೇಳ್ತಾರ. ಒಲ್ಲೆ ಅಂದ್ರೂ ಅನ್ನಬಹುದು. ನಾ ಇದನ್ನ ತಗೋರಿ ಅಂತ ಹೇಳಂಗಿಲ್ಲ, ನನ್ನ ಕೆಲಸ ಅದಲ್ಲ. ನಿಮ್ಮ ಮುಂದ ಇಟ್ಟೀನಿ, ನೀವು ನೋಡ್ರಿ.’

ಆಮೇಲೆ ನಾನೆಷ್ಟು ವರ್ಷ ಕೆಲಸ ಮಾಡಿದೀನಿ ಅಂತ ಕೇಳಿದ್ರು. ಡೇಕೇರಲ್ಲಿ ಹನ್ನೊಂದು ವರ್ಷ, ಈ ಜೂನ್‌ನಲ್ಲಿ ಮಂಡಿನೋವು ಅಂತ ನೆಪ ಹೇಳಿ ಬಿಟ್ಟೆ ಅಂದೆ. ‘ಹಂಗಾದ್ರ ನಿಮ್ಮ ಮೆಡಿಕೇರ್ ನಿಮ್ಮ ದುಡಿಮಿ ಮ್ಯಾಲೇ ಬಂದೈತಿ. ಹತ್ತು ವರ್ಷ ಟ್ಯಾಕ್ಸ್ ಕಟ್ಟೀರಲ್ಲ, ಸಾಕದು’ ಅಂದ್ರು. ನಮ್ಮನೆಯವರು ಆ ಕೆಲಸಕ್ಕೆ ಇಟ್ಟಿದ್ದ ಹೆಸರು ಟೈಮ್‌ಪಾಸ್. ಹನ್ನೊಂದು ವರ್ಷ ಕಂಡೋರ ಮಕ್ಕಳ ಮೂಗೊರೆಸಿ, ಡಯಾಪರ್ ಬದಲಾಯಿಸಿ, ಅದು ನಂಗೆ ಕಾಯಿಲೆ ಬಂದಾಗ ಹಿಂದೆ ನಿಲ್ಲುತ್ತೆ ಅಂತ ನಂಗಾದ್ರೂ ಎಲ್ಲಿ ಗೊತ್ತಿತ್ತು?

‘ಕಾರ್ಡ್ ತಂದೀರೇನು? ನಂಬರ್ ಬೇಕಾಗ್ತದ ಅರ್ಜಿಗೆ.’

‘ನಮ್ಮನೆಯವರ ಪರ್ಸಲ್ಲಿದೆ.’

ನೀಲಾಬಾಯಿ ಕನ್ನಡಕದ ಮೇಲಿಂದ ನನ್ನ ನೋಡಿದ್ರು. ‘ಇಸ್ಕೋರಿ’ ಅಂದ್ರು.

ಇಸ್ಕೋರಿ ಅನ್ನೋದು ಸುಲಭ. ಮನೆಗೆ ಬರೋ ದಾರೀಲಿ ಎರಡು ಸಲ ತಪ್ಪು ತಿರುವು ತಗೊಂಡೆ. ಕೇಳಿದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಹೇಳ್ಬೇಕು. ಆವತ್ತು ಸಂಜೆ ಅವರು ಸ್ನಾನಕ್ಕೆ ಹೋದಾಗ ಪರ್ಸು ಟೇಬಲ್ ಮೇಲೇ ಇತ್ತು. ಕೈ ಹಾಕಿದೆ ಕೂಡ. ಥೂ, ಈ ವಯಸ್ಸಲ್ಲಿ ಗಂಡನ ಪರ್ಸಿಂದ ನನ್ನ ಕಾರ್ಡು ನಾನೇ ಕದೀಬೇಕಾ ಅಂತ ಮೈಯೆಲ್ಲಾ ಉರಿದುಹೋಯ್ತು. ಹಾಗೇ ಇಟ್ಟೆ.

ಬುಧವಾರ ಸಂಜೆ ಐದಕ್ಕೆ ಸರಿಯಾಗಿ ಏಜೆಂಟ್ ಬಂದ. ಪ್ರದ್ಯುಮ್ನ ಅಂತ, ಒಳ್ಳೇ ಹುಡುಗ, ಗ್ರೂಪಿನೋರಿಗೆಲ್ಲಾ ಇವನೇ ಮಾಡಿಸಿಕೊಟ್ಟಿದ್ದು. ಕಾಫಿ ಕುಡಿದು, ನಮ್ಮನೆಯವರಿಗೆ ಅರ್ಧ ಗಂಟೆ ಎಲ್ಲಾ ವಿವರಿಸಿ, ಅವರ ಸೈನ್ ತಗೊಂಡ. ಅವರಿಗೆ ಆ ಪ್ಲಾನು ಸರಿಯಾಗೇ ಇತ್ತು, ಅವರ ಡಾಕ್ಟರೆಲ್ಲಾ ಅದರಲ್ಲಿದ್ರು. ಆಮೇಲೆ ನನ್ನ ಕಡೆ ತಿರುಗಿದ.

‘ಈಗ ನಿಮ್ದು, ಆಂಟಿ. ನೀವು ಈ ಪ್ಲಾನಿಗೆ ನಿಮ್ಮ ಇಷ್ಟದಿಂದ ಸೇರ್ತಿದೀರಾ?’

‘ಹೂಂ ಅಂತಾಳೆ, ಹಾಕ್ಕೋ’ ಅಂದ್ರು ನಮ್ಮನೆಯವರು, ಪರ್ಸಿಂದ ನನ್ನ ಕಾರ್ಡು ತೆಗೀತಾ.

‘ಇಲ್ಲ ಅಂಕಲ್, ಆಂಟಿನೇ ಹೇಳ್ಬೇಕು. ರೂಲ್ಸು.’

‘ನಂಗೆ ಬೇಡ’ ಅಂದೆ.

ನನ್ನ ಧ್ವನಿ ನಂಗೇ ಜೋರಾಗಿ ಕೇಳಿಸ್ತು. ನಮ್ಮನೆಯವರು ಕಾರ್ಡು ಹಿಡ್ಕೊಂಡು ಹಾಗೇ ನೋಡಿದ್ರು. ‘ಏನು ಬೇಡ?’

‘ಈ ಪ್ಲಾನು. ನಾನು ಸಪ್ಲಿಮೆಂಟ್ ತಗೋತೀನಿ. ನನ್ನ ಕಾರ್ಡು ಕೊಡಿ ಇಲ್ಲಿ.’

‘ತಲೆ ಕೆಟ್ಟಿದ್ಯಾ ನಿಂಗೆ? ಒಂದೇ ಮನೇಲಿ ಎರಡು ಪ್ಲಾನಾ? ನಾನು ಎರಡು ತಿಂಗಳಿಂದ ಕೂತು ಲೆಕ್ಕ ಹಾಕಿದೀನಿ. ಒಂದು ಮಾತ್ರೆ ಇಲ್ದೆ ಇರೋಳಿಗೆ ಅದೆಲ್ಲಾ ಯಾಕೆ? ಯಾರೇ ನಿಂಗೆ ಹೇಳ್ಕೊಟ್ಟೋರು?’ ಅವರಿಗೆ ನಿಜವಾಗ್ಲೂ ಅವಮಾನ ಆಗಿತ್ತು, ಮುಖ ಕೆಂಪಾಯ್ತು. ಪ್ರದ್ಯುಮ್ನ ಲ್ಯಾಪ್‌ಟಾಪ್ ಮುಚ್ಚಿದ. ‘ಅವರವರದ್ದು ಅವರವರ ಇಷ್ಟ ಅಂಕಲ್, ನಾನು ಆಮೇಲೆ ಫೋನ್ ಮಾಡ್ತೀನಿ’ ಅಂತ ಹೇಳಿ, ಶೂ ಲೇಸ್ ಕೂಡ ಕಟ್ಟದೆ ಹೊರಟುಹೋದ.

ಬಾಗಿಲು ಹಾಕ್ಕೊಂಡಿದ್ದೇ ತಡ ನಮ್ಮನೆಯವರು ಶುರು ಮಾಡಿದ್ರು. ನಾಳೆ ವಾಕಿಂಗಲ್ಲಿ ಅವನು ಎಲ್ಲರಿಗೂ ಹೇಳ್ತಾನೆ, ಮಾನ ಹೋಯ್ತು, ಮೂವತ್ತು ವರ್ಷದಿಂದ ಈ ಮನೆಯ ಕಾಗದ ಪತ್ರ ಯಾರು ನೋಡಿದ್ದು ಅಂತ. ನಾನು ಎಡಗೈ ಎತ್ತಿ ಅವರ ಮುಂದೆ ಹಿಡಿದೆ. ಸಿಟ್ಟಿಗೋ ಭಯಕ್ಕೋ, ಅದು ಯಾವತ್ತೂ ಇಲ್ಲದಷ್ಟು ನಡುಗ್ತಿತ್ತು.

‘ನಂಗೆ ಪಾರ್ಕಿನ್ಸನ್ಸ್ ಇದೆ ರೀ. ಫೆಬ್ರವರಿಯಿಂದ. ಅದಕ್ಕೇ.’

ಅವರು ಕೈ ನೋಡಿದ್ರು, ನನ್ನ ಮುಖ ನೋಡಿದ್ರು, ಮತ್ತೆ ಕೈ ನೋಡಿದ್ರು. ‘ಯಾರ್ಯಾರಿಗೆ ಗೊತ್ತು?’ ಅಂತ ಕೇಳಿದ್ರು, ನೋಡಿ, ಮೊದಲನೇ ಪ್ರಶ್ನೆ ಅದು. ಕೆಂಪಮ್ಮನಿಗೆ ಅಂದೆ. ಮತ್ತೆ ಲೈಬ್ರರಿಯಲ್ಲಿ ಒಬ್ಬರು ಹುಬ್ಬಳ್ಳಿಯೋರಿಗೆ ಅಂದೆ. ‘ಹುಬ್ಬಳ್ಳಿಯೋರಿಗೆ ಗೊತ್ತು, ನಂಗೆ ಗೊತ್ತಿಲ್ಲ!’ ಅಂತ ಟೇಬಲ್ ಕುಟ್ಟಿದ್ರು. ‘ಎಂಟು ತಿಂಗಳು ಕಣೇ! ಒಂದೇ ಮಂಚದಲ್ಲಿ ಮಲಗಿದೀವಿ. ಎಂಟು ತಿಂಗಳು!’

‘ನಿಮಗೂ ಕಣ್ಣಿತ್ತಲ್ಲ’ ಅಂದುಬಿಟ್ಟೆ. ಅನ್ನಬಾರದಿತ್ತು. ಅವರು ಕುರ್ಚೀಲಿ ಕುಸಿದು ಕೂತ್ರು.

ಆಮೇಲೆ ಅವರು ನಾನು ಅಂದ್ಕೊಂಡಿದ್ದನ್ನೇ ಮಾಡಿದ್ರು. ಫೋನ್ ಎತ್ಕೊಂಡು ಕನ್ನಡಕ ಹಾಕ್ಕೊಂಡು ಟೈಪ್ ಮಾಡೋಕೆ ಶುರು ಮಾಡಿದ್ರು.

‘ಯಾರಿಗೆ?’

‘ಮ್ಯಾನೇಜರಿಗೆ. ಇನ್ನೂ ಹದಿನೈದು ದಿನ ಇದೆ, ನನ್ನ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ. ಎರಡು ವರ್ಷ ಮುಂದಕ್ಕೆ ಹಾಕ್ತೀನಿ. ಕಂಪನಿ ಇನ್ಶೂರೆನ್ಸಲ್ಲೇ ನಿಂಗೆ ತೋರಿಸೋಣ. ಆಗುತ್ತೆ, ನೀನು ಸುಮ್ನಿರು.’

‘ಇದಕ್ಕೇ ರೀ ನಾನು ಹೇಳಲಿಲ್ಲ!’ ಅಂತ ಕಿರುಚಿದೆ. ಮೂವತ್ತೆಂಟು ವರ್ಷದಲ್ಲಿ ಅವರ ಮೇಲೆ ಅಷ್ಟು ಜೋರಾಗಿ ಕಿರುಚಿರಲಿಲ್ಲ. ‘ಇದಕ್ಕೇ! ನೀವು ಹೀಗೆ ಫೋನ್ ಎತ್ಕೋತೀರಿ ಅಂತಾನೇ ಆ ಮಾತ್ರೆ ರಾಗಿ ಹಿಟ್ಟಲ್ಲಿ ಹೂತಿಟ್ಟು ನುಂಗ್ತಿದ್ದೆ. ಮಂಡಿಗೋಸ್ಕರ ಎರಡು ವರ್ಷ, ಈಗ ಕೈಗೋಸ್ಕರ ಎರಡು ವರ್ಷ, ಆಮೇಲೆ?’

‘ಮತ್ತೆ ನಿಂಗ್ಯಾರಿದಾರೆ?’

‘ಆ ಕಾರ್ಡಿದೆ. ಅದು ನನ್ನ ಹೆಸರಲ್ಲಿದೆ, ನನ್ನ ದುಡಿಮೆ ಮೇಲೆ ಬಂದಿದೆ. ನೀವು ಟೈಮ್‌ಪಾಸ್ ಅಂತಿದ್ರಲ್ಲ, ಆ ದುಡಿಮೆ. ಡಾಕ್ಟರಿಗೆ ಅದು ಸಾಕು. ನೀವು ನನ್ನ ಇನ್ಶೂರೆನ್ಸ್ ಅಲ್ಲ ರೀ, ನನ್ನ ಗಂಡ. ಈ ಕಾಯಿಲೆ ಇವತ್ತು ಬಂದು ನಾಳೆ ಹೋಗೋದಲ್ಲ. ನಾಲ್ಕು ವರ್ಷಕ್ಕೋ ಆರು ವರ್ಷಕ್ಕೋ ನಾನು ಸರಿಯಾಗಿ ನಡೀತೀನೋ ಇಲ್ವೋ ಯಾರಿಗೆ ಗೊತ್ತು? ನೆಟ್ಟಗಿರೋ ಈ ಎರಡು ವರ್ಷ ನೀವು ಮಿಲ್ಪಿಟಾಸ್‌ನಲ್ಲಿ ಚಿಪ್ ನೋಡ್ತಾ ಕೂತಿದ್ರೆ, ಆಮೇಲೆ ಮನೆಗೆ ಬಂದು ಏನು ನೋಡ್ತೀರಿ?’

ಅವರು ಫೋನ್ ನೋಡ್ತಾ ಇದ್ರು, ಹೆಬ್ಬೆರಳು ಪರದೆ ಮೇಲೇ ನಿಂತಿತ್ತು. ಬರೆದಿದ್ದನ್ನ ಒಂದೊಂದೇ ಅಕ್ಷರ ಅಳಿಸಿದ್ರು, ಎಲ್ಲಾ ಅಳಿಸೋವರೆಗೂ ನಾನು ನಿಂತು ನೋಡಿದೆ. ಕಾರ್ಡನ್ನ ಟೇಬಲ್ ಮೇಲೆ ನನ್ನ ಕಡೆ ತಳ್ಳಿದ್ರು. ಕನ್ನಡಕ ತೆಗೆದು ಪಕ್ಕಕ್ಕಿಟ್ರು.

‘ಎಂಟು ತಿಂಗಳು ಒಬ್ಳೇ’ ಅಂದ್ರು. ನನ್ನ ಮುಖ ನೋಡಿ ಕೇಳಿದ್ರು, ‘ತುಂಬಾ ಹೆದರ್ಕೊಂಡಿದ್ಯೇನೇ?’

ಇಲ್ಲ ಅನ್ನೋಕೆ ಬಾಯಿ ತೆಗೆದೆ. ಆಗಲಿಲ್ಲ.

‘ಹೂಂ’ ಅಂದೆ. ‘ದಿನಾ.’